ಫುನಾಬೊರಿಯ ಯುರೋಪ್ ತಂಡ

ಗ್ರಿಪ್ ಕೂರಿಸುವ ದ್ರಾವಣದ ಬಾಟಲಿಯ ಮುಚ್ಚಳ ತೆಗೆದಾಗಲೆಲ್ಲ ನನಗೆ ಆ ಒಂದು ವರ್ಷ ನೆನಪಾಗುತ್ತದೆ. ಸೀಮೆಎಣ್ಣೆಯನ್ನೂ ಉಗುರು ಬಣ್ಣವನ್ನೂ ಕಲಸಿದಂಥ ವಾಸನೆ. ಗಾಲ್ಫ್ ಕೋಲಿನ ಹಳೇ ರಬ್ಬರ್ ಹಿಡಿಯನ್ನು ಸೀಳಿ ತೆಗೆದು, ಎರಡೂ ಬದಿಗೆ ಅಂಟಿರುವ ಟೇಪ್ ಸುತ್ತಿ, ಮೇಲೆ ಈ ದ್ರಾವಣ ಸುರಿದು, ಒಂದೇ ಉಸಿರಿಗೆ ಹೊಸ ಹಿಡಿಯನ್ನು ತೂರಿಸಬೇಕು. ಅರ್ಧ ನಿಮಿಷ ತಡವಾದರೆ ಸೊಟ್ಟಗೇ ಕೂತುಬಿಡುತ್ತದೆ. ಆಮೇಲೆ ಅದನ್ನು ಕತ್ತರಿಸಿ ಬಿಸಾಕುವುದೊಂದೇ ದಾರಿ.

ಹೋದ ವಾರ ಹೀಗೇ ಕೆಲಸದಲ್ಲಿದ್ದಾಗ ಬೆಂಗಳೂರಿನಿಂದ ಹೊಸದಾಗಿ ಪೋಸ್ಟಿಂಗ್ ಮೇಲೆ ಬಂದಿದ್ದ ಇಂಜಿನಿಯರೊಬ್ಬರು ಅಂಗಡಿಗೆ ಬಂದರು. ಅರ್ಧ ಗಂಟೆ ಎಲ್ಲ ಸೆಟ್ಟುಗಳನ್ನೂ ಮುಟ್ಟಿ ಮುಟ್ಟಿ ನೋಡಿ ಕೊನೆಗೆ ಕೇಳಿದರು:

"ಮೇಡಂ, ಹಾನೆಸ್ಟ್ ಆಗಿ ಹೇಳಿ. ಗಂಡಸರ ಪ್ರೊ ಗಾಲ್ಫ್‌ನಲ್ಲಿ ಯುರೋಪ್ ಸ್ಟ್ರಾಂಗಾ, ಅಮೆರಿಕ ಸ್ಟ್ರಾಂಗಾ? ಯಾರು ಸ್ಟ್ರಾಂಗೋ ಅವ್ರು ಆಡೋ ಥರದ ಸೆಟ್ಟೇ ತಗೊಂಡ್ಬಿಡ್ತೀನಿ."

"ಸೆಟ್ ಆಮೇಲೆ ತಗೊಳ್ಳೋರಂತೆ. ಮೊದ್ಲು ಇದನ್ನ ಹೇಳಿ, ನಿಮ್ಮ ಜೊತೆ ಆಡೋರು ಯಾರು?"

ನಾನು ಮಾತು ಹಾರಿಸುತ್ತಿದ್ದೇನೆ ಎಂದುಕೊಂಡು ಅವರು ನಕ್ಕರು. ನಾನು ಹಾರಿಸಲಿಲ್ಲ. ಅವರ ಪ್ರಶ್ನೆಗೆ ಇರುವ ಉತ್ತರವೇ ಅದು. ಅದನ್ನು ಕಲಿಯಲು ನಮಗೆ ಒಂದು ಬೇಸಿಗೆ, ಒಂದು ಚಂಡಮಾರುತ, ಗಾಲ್ಫ್ ಮೈದಾನದ ಹದಿನೆಂಟು ಹೋಲ್ ಬೇಕಾದವು.

ನನ್ನ ತಾಯಿ ಮೈಸೂರಿನ ಬೀದಿಗಳಲ್ಲಿ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ವ್ಯಾಪಾರ ಮಾಡಿದವಳು. ತಲೆ ಮೇಲೆ ಪಾತ್ರೆ ಬುಟ್ಟಿ, ಹೆಗಲಲ್ಲಿ ಸೀರೆ ಗಂಟು. ಜರಿ ಸೀರೆಯ ಅಂಚನ್ನು ಹೆಬ್ಬೆರಳಿನಲ್ಲಿ ಉಜ್ಜಿ, ಮುಖದಲ್ಲಿ ಏನೂ ತೋರಗೊಡದೆ, ಡಬರಿ ಕೇಳಿದವರಿಗೆ ತಟ್ಟೆ ಒಪ್ಪಿಸಿ ಬರುತ್ತಿದ್ದಳು. ಅವಳ ಹಿಂದೆ ಓಡಾಡಿ ಬೆಳೆದ ನನಗೆ ಡಿಗ್ರಿಗಿಂತ ಆ ಹೆಬ್ಬೆರಳೇ ಹೆಚ್ಚು ಅನ್ನ ಹಾಕಿತು. ಗಂಡ ರಘುವಿಗೆ ಟೋಕಿಯೊ ಪೋಸ್ಟಿಂಗ್ ಆಗಿ ಫುನಾಬೊರಿಗೆ ಬಂದಾಗ ನನಗೆ ಭಾಷೆ ಇರಲಿಲ್ಲ, ಕೆಲಸ ಇರಲಿಲ್ಲ. ಸೆಕೆಂಡ್ ಹ್ಯಾಂಡ್ ಸಾಮಾನಿನ ಅಂಗಡಿಯೊಂದರಲ್ಲಿ ಒದ್ದೆ ಕೊಡೆಗಳ ಹಾಗೆ ಡಬ್ಬದಲ್ಲಿ ತುರುಕಿ ನಿಲ್ಲಿಸಿದ್ದ ಗಾಲ್ಫ್ ಕೋಲುಗಳನ್ನು ಕಂಡೆ. ಹೆಬ್ಬೆರಳಿನಲ್ಲಿ ಉಜ್ಜಿದೆ. ತುಕ್ಕಿಲ್ಲ, ಬರೀ ಹಿಡಿ ಸವೆದಿತ್ತು. ತಂದು, ತೊಳೆದು, ಹೊಸ ಹಿಡಿ ಹಾಕಿ, ಆಫೀಸಿನ ಒತ್ತಾಯಕ್ಕೆ ಗಾಲ್ಫ್ ಕಲಿಯಬೇಕಾಗಿದ್ದ ನಮ್ಮ ಕಡೆಯವರಿಗೆ ಮಾರಿದೆ. ಎರಡು ವರ್ಷದಲ್ಲಿ, ಹಸಿರು ಬಲೆ ಕಟ್ಟಿದ ಅಭ್ಯಾಸದ ಜಾಗದ ಮೂಲೆಯಲ್ಲಿ ನನ್ನದೇ ಆದ ಒಂದು ಪುಟ್ಟ ಅಂಗಡಿ ಆಯಿತು. ಮಾರುವವಳಿಗೆ ಆಟ ಗೊತ್ತಿಲ್ಲದಿದ್ದರೆ ಗಿರಾಕಿ ಮೋಸ ಮಾಡುತ್ತಾನೆಂದು ಆಟವನ್ನೂ ಕಲಿತೆ. ನೀವು ಯಾವ ಸಾಮಾನು ಮಾರಿದರೂ ಇದೊಂದು ಮಾತು ನೆನಪಿಟ್ಟುಕೊಳ್ಳಿ.

ಆ ಅಭ್ಯಾಸದ ಜಾಗಕ್ಕೆ ಅಂಟಿಕೊಂಡು ಒಂದು ಗಾಲ್ಫ್ ಸಂಘ ಇತ್ತು. ಟೀ ಕೋಣೆಯ ಗೋಡೆಯ ಮೇಲೆ ಸದಸ್ಯರ ಹೆಸರು ಬರೆದ ಮರದ ಹಲಗೆಗಳು, ಒಂದೊಂದೂ ಅಂಗೈ ಅಗಲ, ಕುಂಚದ ಬರಹ. ನಮ್ಮ ಹೆಸರು ಅಲ್ಲಿರಲಿಲ್ಲ. ನಾವು 'ಗೆಸ್ಟೊ', ಅತಿಥಿಗಳು. ತಿಂಗಳ ಪಂದ್ಯಕ್ಕೆ ಸದಸ್ಯರು ಕರೆದರೆ ಬರಬಹುದು. ಬಂದು ಆಡಿದರೆ ನಮ್ಮ ಸ್ಕೋರಿನ ಪಕ್ಕ ಪುಸ್ತಕದಲ್ಲಿ 'ಸಾಂಕೋ' ಎಂದು ಬರೆಯುತ್ತಿದ್ದರು. ಮಾಹಿತಿಗಾಗಿ ಮಾತ್ರ, ಲೆಕ್ಕಕ್ಕಿಲ್ಲ ಎಂದು ಅರ್ಥ. ರಘು ಒಮ್ಮೆ ಎಲ್ಲರಿಗಿಂತ ಚೆನ್ನಾಗಿ ಆಡಿದಾಗಲೂ ಸಾಂಕೋ. ನಾಲ್ಕು ವರ್ಷ ಸಾಂಕೋ.

ಸಂಘದ ಕಾರ್ಯದರ್ಶಿ ಒಗಾವಾ ಸಾನ್, ಅಂದರೆ ಒಗಾವಾ ಅವರು. ಹಿರೋಷಿಮಾದ ಕಾರು ಉದ್ಯಮದಲ್ಲಿ ಇಂಜಿನಿಯರ್ ಆಗಿದ್ದವರು, ಮಧ್ಯೆ ಕೆಲವು ವರ್ಷ ಅಮೆರಿಕದ ಕಾರ್ಖಾನೆಯಲ್ಲಿದ್ದವರು, ನಿವೃತ್ತರಾಗಿ ಮಗಳ ಮನೆ ಹತ್ತಿರ ಇದ್ದರು. ಸಜ್ಜನ. ನನ್ನನ್ನು ಕಂಡರೆ ಸೊಂಟ ಬಗ್ಗಿಸಿ ನಮಸ್ಕರಿಸುತ್ತಿದ್ದರು, ಚಹಾ ತರಿಸುತ್ತಿದ್ದರು. ಹಲಗೆಯ ಮಾತೆತ್ತಿದರೆ ಮಾತ್ರ ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡು, "ಮುಜುಕಶೀ ದೆಸು ನೆ" ಎನ್ನುತ್ತಿದ್ದರು. ಕಷ್ಟವಾಗುತ್ತದೆ, ಅಲ್ಲವೇ, ಎಂದು ಮಾತಿನ ಅರ್ಥ. ಜಪಾನಿನಲ್ಲಿ ವ್ಯಾಪಾರ ಮಾಡುವವರಿಗೆ ಹೇಳುತ್ತೇನೆ, ಈ ಮಾತು ಕಿವಿಗೆ ಬಿದ್ದರೆ ಚೌಕಾಸಿ ಮುಂದುವರಿಸಬೇಡಿ. ಅದು 'ಇಲ್ಲ' ಎನ್ನುವುದಕ್ಕಿಂತ ಗಟ್ಟಿಯಾದ ಇಲ್ಲ. ಬೇರೆ ಬಾಗಿಲು ಹುಡುಕಿ.

ಬೇರೆ ಬಾಗಿಲು ಆ ವರ್ಷದ ಆಗಸ್ಟ್‌ನಲ್ಲಿ ತಾನಾಗಿ ತೆರೆಯಿತು. ಎರಡು ವರ್ಷಕ್ಕೊಮ್ಮೆ ಯುರೋಪಿಗೂ ಅಮೆರಿಕಕ್ಕೂ ನಡೆಯುವ ಕಪ್ ಪಂದ್ಯ ಆ ಸಲ ಯುರೋಪಿನಲ್ಲಿ, ಸೆಪ್ಟೆಂಬರ್ ಕೊನೆಗೆ. ಟೀ ಕೋಣೆಯಲ್ಲಿ ದಿನವೂ ಅದೇ ವಾದ. ಹೊರಗೆ ಬಟ್ಟೆ ಮೈಗಂಟುವ ಸೆಕೆ, ಒಳಗೆ ತಣ್ಣನೆಯ ಬಾರ್ಲಿ ಚಹಾ, ಒಗಾವಾ ಸಾನ್ ಎದೆ ಮುಂದೆ ಕೈ ಕಟ್ಟಿ ಹೇಳುತ್ತಿದ್ದರು: "ಅಮೆರಿಕದವರ ಹೊಡೆತದ ದೂರ ನೋಡಿ. ಕಾಲೇಜಿನಿಂದಲೇ ತಯಾರಾಗಿ ಬರುತ್ತಾರೆ. ಒಬ್ಬನಿಗೆ ಒಬ್ಬನನ್ನು ನಿಲ್ಲಿಸಿದರೆ ಯುರೋಪ್ ಎಲ್ಲಿದೆ?"

ರಘು ಲ್ಯಾಪ್‌ಟಾಪ್ ತಿರುಗಿಸಿ ವಿಶ್ವ ಶ್ರೇಯಾಂಕದ ಪಟ್ಟಿ ತೋರಿಸಿ, "ಸರಿಯಾಗೇ ಹೇಳ್ತಾರೆ ಕಣೇ, ಮೇಲ್ಗಡೆ ನೋಡು, ಬರೀ ಅಮೆರಿಕನ್ಸ್" ಎಂದರು. ಟೋಕಿಯೊ ಪಕ್ಕದ ವಾಕೋದ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿಯಾಗಿದ್ದ ನಮ್ಮ ಶ್ರೀಧರ, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅವನು ಮೆಲ್ಲಗೆ, "ಪಟ್ಟಿಲಿರೋರು ಅವ್ರೇ. ಆದ್ರೆ ಯುರೋಪ್ ನೆಲದಲ್ಲಿ ಅವ್ರು ಕಪ್ ಗೆದ್ದು ಮೂವತ್ತು ವರ್ಷ ಆಯ್ತು" ಎಂದ. ಒಗಾವಾ ಸಾನ್ ಮುಖ ಕೊಂಚ ಕೆಂಪಾಯಿತು. ಸದಸ್ಯರೆಲ್ಲ ಅಮೆರಿಕದ ಪಕ್ಷ. ಸುಮ್ಮನೆ ಎದುರು ಹೇಳಬೇಕಲ್ಲ ಎಂದು ನಾವೆಲ್ಲ ಯುರೋಪ್.

ಗಿರಾಕಿಯ ಮುಖ ಕೆಂಪಾದ ಗಳಿಗೆಯಲ್ಲೇ ಮಾತು ಇಡಬೇಕು. ಇಟ್ಟೆ.

"ಒಗಾವಾ ಸಾನ್, ನಾವೂ ಒಂದು ಕಪ್ ಆಡೋಣ. ಸದಸ್ಯರು ಅಮೆರಿಕ, ಅತಿಥಿಗಳು ಯುರೋಪ್. ಎಂಟಕ್ಕೆ ಎಂಟು ಜನ. ಜೋಡಿ ಆಟ, ಜೋಡಿಗೆ ಒಂದೇ ಚೆಂಡು, ಒಬ್ಬರಾದ ಮೇಲೆ ಒಬ್ಬರು ಹೊಡೆಯೋದು. ನಾವು ಗೆದ್ದರೆ ಗೋಡೆ ಮೇಲೆ ಎಂಟು ಹಲಗೆ."

"ಸೋತರೆ?"

"ಹಲಗೆ ಮಾತು ಇನ್ನು ನನ್ನ ಬಾಯಲ್ಲಿ ಬರಲ್ಲ."

"ಸಮವಾದರೆ?"

"ಗೋಡೆ ಈಗಿರೋ ಹಾಗೇ ಇರಲಿ."

ಈ ಕೊನೆಯ ಮಾತನ್ನು ಆತುರದಲ್ಲಿ ಕೊಟ್ಟುಬಿಟ್ಟೆ, ಅಮ್ಮನಾಗಿದ್ದರೆ ಕೊಡುತ್ತಿರಲಿಲ್ಲ. ಒಗಾವಾ ಸಾನ್ ಮುಜುಕಶೀ ಎನ್ನಲಿಲ್ಲ. ಮೂರು ದಿನ ಬಿಟ್ಟು, ಸಮಿತಿಯ ಮುದ್ರೆ ಒತ್ತಿದ, ಟೈಪ್ ಮಾಡಿದ ಕಾಗದ ತಂದು ನನ್ನ ಕೈಗೆ ಎರಡೂ ಕೈಯಲ್ಲಿ ಕೊಟ್ಟರು.

ನಮ್ಮಲ್ಲಿ ಇದ್ದದ್ದು ಏಳೇ ಜನ. ಎಂಟನೆಯವರಾಗಿ ಸದಸ್ಯರೊಬ್ಬರನ್ನು ಎರವಲು ಕೊಡುತ್ತೇನೆಂದು ಒಗಾವಾ ಸಾನ್ ಹೇಳಿದಾಗ ನಾನು ಖಾಲಿ ಲೋಟ ಎತ್ತುತ್ತಿದ್ದ ಕಿಮುರಾ ಸಾನ್ ಕಡೆ ಕೈ ತೋರಿಸಿದೆ. ಎಪ್ಪತ್ನಾಲ್ಕು ವರ್ಷದ ಹೆಂಗಸು. ವಾಕೋ ಕಡೆ ಅರಕಾವಾ ನದಿಯ ಬಯಲಿನಲ್ಲಿರುವ ಮೈದಾನದಲ್ಲಿ ಜೀವಮಾನವೆಲ್ಲ ಕ್ಯಾಡಿಯಾಗಿ ಬೇರೆಯವರ ಬ್ಯಾಗ್ ಎಳೆದವರು. ಈಗ ಇಲ್ಲಿ ಚೆಂಡು ತೊಳೆದು, ಚಹಾ ಮಾಡಿ, ಪಂದ್ಯದ ದಿನ ಸ್ಕೋರ್ ಬರೆಯುತ್ತಿದ್ದರು. ಕೆಲಸ ಮುಗಿದ ಮೇಲೆ ಒಬ್ಬರೇ ಮೂಲೆಯಲ್ಲಿ ನಿಂತು ಇಪ್ಪತ್ತು ಚೆಂಡು ಹೊಡೆಯುವುದನ್ನು ನಾನು ನೋಡಿದ್ದೆ. ಇಪ್ಪತ್ತೂ ನೆಟ್ಟಗೆ.

"ಸುಮಿಮಾಸೆನ್," ಕ್ಷಮಿಸಿ, ಎಂದು ಅವರು ಬಾಯಿಗೆ ಕೈ ಅಡ್ಡ ಹಿಡಿದರು. "ನಾನಾ? ನಾನು ಸದಸ್ಯಳಲ್ಲ."

"ನಾವೂ ಅಲ್ಲ," ಎಂದೆ.

ಮೊದಲು ನಾನು ಜೋಡಿಯಾದದ್ದು ಗಂಡನ ಜೊತೆ. ರಘುವಿನ ಹೊಡೆತ ಇನ್ನೂರೈವತ್ತು ಗಜ, ಗುಳಿಯ ಹತ್ತಿರದ ಮೆಲ್ಲನೆ ಹೊಡೆತ, ಪಟ್, ನನ್ನದು ಪರವಾಗಿಲ್ಲ, ಕಾಗದದ ಮೇಲೆ ಒಳ್ಳೇ ಜೋಡಿ. ಆಗಸ್ಟ್ ಕೊನೆಯಲ್ಲಿ ಅಭ್ಯಾಸಕ್ಕೆ ಹೋದೆವು.

"ರೀ, ಎಲ್ಲಿಗ್ರೀ ಹೊಡುದ್ರಿ ಇದನ್ನ? ನಾನೀಗ ಮರ ಹತ್ತಿ ಹೊಡೀಲಾ?"

"ನೀನು ಮರಳು ಗುಂಡಿಲಿ ತಂದಿಟ್ಟಿದ್ದಕ್ಕೆ ತಾನೇ ಅಲ್ಲಿಗೆ ಹೋಗಿದ್ದು?"

"ನಾನ್ ಗುಂಡಿಲಿ ಇಟ್ಟೆ. ಸರಿ. ಫ್ಲಾಟ್ ತಗೊಳೋವಾಗ್ಲೂ ಹೀಗೇ ಅಂದಿದ್ರಿ."

ಒಂಬತ್ತು ಹೋಲ್ ಮುಗಿಯುವ ಹೊತ್ತಿಗೆ ನಮ್ಮ ಮದುವೆಯ ಹಳೇ ಕಡತಗಳೆಲ್ಲ ಹೊರಗೆ ಬಂದಿದ್ದವು. ಗಂಡ ಹೆಂಡತಿ ಮನೆ ನಡೆಸಬಹುದು, ಮಗಳನ್ನು ಬೆಳೆಸಬಹುದು, ಒಂದೇ ಚೆಂಡು ಹೊಡೆಯಬಾರದು. ರಘುವನ್ನು ಶ್ರೀಧರನಿಗೆ ಕಟ್ಟಿದೆ. ರಘು ಕೂಗಾಡಿದರೂ ಆ ಪ್ರಾಣಿಗೆ ಕೇಳಿಸುವುದೇ ಇಲ್ಲ. ನಾನು ಕಿಮುರಾ ಸಾನ್ ಜೊತೆಯಾದೆ.

ಅಲ್ಲಿ ಬೇರೆಯೇ ತೊಂದರೆ. ಕಿಮುರಾ ಸಾನ್ ಹೊಡೆತ ಕೊಂಚ ಅತ್ತಿತ್ತ ಆದರೆ ಸಾಕು, ನನ್ನ ಕಡೆ ತಿರುಗಿ ಸುಮಿಮಾಸೆನ್ ಎಂದು ಬಗ್ಗುತ್ತಿದ್ದರು. ನಾನು ಪರವಾಗಿಲ್ಲ ಎಂದು ಬಗ್ಗಬೇಕು. ನಾನು ತಪ್ಪಿದರೆ ನಾನು ಬಗ್ಗಬೇಕು, ಅವರು ಇಲ್ಲ ಇಲ್ಲ ನನ್ನದೇ ತಪ್ಪು ಎಂದು ಇನ್ನೂ ಬಗ್ಗುತ್ತಿದ್ದರು. ಆಟಕ್ಕಿಂತ ಬಗ್ಗುವುದೇ ಹೆಚ್ಚಾಗಿ, ಮುಂದಿನ ಹೊಡೆತಕ್ಕೆ ನಿಲ್ಲುವಾಗ ತಲೆ ತುಂಬ ಹಿಂದಿನ ತಪ್ಪು. ಕ್ಷಮೆ ಕೇಳುವವರಿಗಿಂತ ಕೇಳಿಸಿಕೊಳ್ಳುವವರ ಕೈ ಹೆಚ್ಚು ನಡುಗುತ್ತದೆ ಎಂದು ನನಗೆ ಗೊತ್ತಾದದ್ದು ಆಗ.

ಸೆಪ್ಟೆಂಬರ್ ಕೊನೆಗೆ ಕಪ್ ಶುರುವಾಯಿತು. ಯುರೋಪಿನ ಬೆಳಗು ನಮಗೆ ಮಧ್ಯಾಹ್ನ. ಇಡೀ ಯುರೋಪ್ ತಂಡ ರಜಾ ಹಾಕಿ ನಮ್ಮ ಮನೆಯ ಚಾಪೆ ಮೇಲೆ ಕೂತಿತ್ತು, ಈರುಳ್ಳಿ ಬೋಂಡದ ತಟ್ಟೆ ಸುತ್ತ. ಮೊದಲು ಜೋಡಿ ಆಟ, ಒಂದೇ ಚೆಂಡಿನದು. ಸ್ಕೂಲಿಂದ ಬಂದ ನಮ್ಮ ಮಗಳು ಅನ್ವಿ ನಮ್ಮ ಕೂಗಾಟಕ್ಕೆ "ಊರುಸಾಯ್!" ಎಂದು ಬೈದು ಬಾಗಿಲು ಹಾಕಿಕೊಂಡಳು. ಗಲಾಟೆ ಎಂದರ್ಥ, ಅವಳು ಕನ್ನಡ ಅರ್ಥ ಮಾಡಿಕೊಳ್ಳುತ್ತಾಳೆ, ಜಪಾನಿಯಲ್ಲಿ ಬೈಯುತ್ತಾಳೆ.

ನಾವೆಲ್ಲ ಹೊಡೆಯುವವನನ್ನು ನೋಡುತ್ತಿದ್ದೆವು. ಕಿಮುರಾ ಸಾನ್ ಮಾತ್ರ ಪರದೆಯ ಅಂಚನ್ನು ನೋಡುತ್ತಿದ್ದರು.

"ಗಿರಿಜಾ ಸಾನ್, ಹೊಡೆದವನನ್ನು ನೋಡಬೇಡಿ. ಹೊಡೆಯದವನನ್ನು ನೋಡಿ. ಕ್ಯಾಡಿಗಳು ಹಾಗೇ ನೋಡೋದು."

ನೋಡಿದೆ. ಯುರೋಪಿನವನೊಬ್ಬ ಚೆಂಡನ್ನು ಎತ್ತರದ ಹುಲ್ಲಿಗೆ ಹೊಡೆದ. ಅವನ ಜೊತೆಗಾರ ಮುಖ ಕಿವುಚಲಿಲ್ಲ, ತಿರುಗಿ ನೋಡಲೂ ಇಲ್ಲ. ಚೆಂಡು ನೆಲಕ್ಕೆ ಬೀಳುವ ಮೊದಲೇ ಅದರ ಕಡೆ ನಡೆಯಲು ಶುರು ಮಾಡಿದ್ದ, ಅಂಗಡಿಗೆ ಹೊಸ ಮಾಲು ಬಂತು, ಇಳಿಸಿಕೊಳ್ಳೋಣ ಎನ್ನುವ ಹಾಗೆ. ಹೊಡೆದವನೂ ಸಾರಿ ಕೇಳಲಿಲ್ಲ. ಅಮೆರಿಕದವರಲ್ಲಿ ಇಬ್ಬರೂ ಒಳ್ಳೇ ಆಟಗಾರರೇ, ಬಹುಶಃ ಮೇಲು. ಆದರೆ ಒಬ್ಬ ಹೊಡೆಯುವಾಗ ಇನ್ನೊಬ್ಬ ದೂರದಲ್ಲಿ ತನ್ನ ಸರದಿಗೆ ಕಾಯುತ್ತಿದ್ದ. ನಾನು ನೋಡಿದ ಮಟ್ಟಿಗೆ ಅವರು ಇಬ್ಬರು, ಇವರು ಒಂದು ಜೋಡಿ. ಆ ಅರ್ಧ ದಿನ ಮುಗಿಯುವಷ್ಟರಲ್ಲಿ ಯುರೋಪ್ ನಾಲ್ಕಕ್ಕೆ ನಾಲ್ಕೂ ಗೆದ್ದಿತ್ತು. ರಘು ಪಟ್ಟಿ ಇದ್ದ ಲ್ಯಾಪ್‌ಟಾಪನ್ನು ಸದ್ದಿಲ್ಲದೆ ಮುಚ್ಚಿದರು.

ಅವತ್ತೇ ನಾನು ಕಿಮುರಾ ಸಾನ್‌ಗೆ ಕರಾರು ಹಾಕಿದೆ. "ಇನ್ನು ಮೈದಾನದಲ್ಲಿ ಸುಮಿಮಾಸೆನ್ ಇಲ್ಲ. ಯಾರ ಬಾಯಲ್ಲಿ ಬಂತೋ ಅವರು ಮುಂದಿನ ಹೋಲ್ ಶುರುವಾಗೋವರೆಗೆ ಇಬ್ಬರ ಬ್ಯಾಗಿನ ಕೈಗಾಡಿಯನ್ನೂ ಎಳೀಬೇಕು."

ಅವರು ಗಂಭೀರವಾಗಿ ಯೋಚಿಸಿದರು. "ನಲವತ್ತು ವರ್ಷ ಎಳೆದಿದ್ದೇನೆ. ನನಗೆ ಅದು ಶಿಕ್ಷೆಯಲ್ಲ."

"ಹಾಗಾದ್ರೆ ನೀವು ಅಂದ್ರೆ ನಾನು ಎಳೀತೀನಿ. ನಾನು ಅಂದ್ರೆ ನೀವು ಸುಮ್ನೆ ಕೈ ಬೀಸ್ಕೊಂಡು ಬರಬೇಕು, ನಾನೇ ಎಳೀತೀನಿ."

"ಅಂದರೆ ಯಾವಾಗಲೂ ನೀವೇ?"

"ಹೂಂ."

ಅವರು ಒದ್ದಾಡಿ ಹೋದರು. ತಮ್ಮ ಒಂದು ಮಾತಿಗೆ ಬೇರೆಯವರು ಗಾಡಿ ಎಳೆಯುವುದನ್ನು ನೋಡುವುದು ಆ ಹೆಂಗಸಿಗೆ ಎಂಥ ಶಿಕ್ಷೆ ಎಂದು ನನಗೆ ಗೊತ್ತಿತ್ತು. ಮೊದಲ ಅಭ್ಯಾಸದಲ್ಲಿ ಆರು ಸಲ ಎಳೆದೆ. ಎರಡನೆಯದರಲ್ಲಿ ಎರಡು ಸಲ. ಮೂರನೆಯದರಲ್ಲಿ ಅವರು 'ಸು...' ಎಂದು ಶುರು ಮಾಡಿ, ಬಾಯಿ ಮುಚ್ಚಿ, ಚೆಂಡಿನ ಕಡೆ ನಡೆದುಬಿಟ್ಟರು.

ಅಕ್ಟೋಬರ್‌ನಲ್ಲಿ ಪಂದ್ಯಕ್ಕೆ ವಾರವಿದೆ ಎನ್ನುವಾಗ ಚಂಡಮಾರುತದ ಮಳೆ ಬಂದು ಅರಕಾವಾ ಬಯಲಿಗೇರಿತು. ನೀರಿಳಿದ ಮೇಲೆ, ನಮ್ಮ ಪಂದ್ಯ ನಡೆಯಬೇಕಿದ್ದ, ಕಿಮುರಾ ಸಾನ್ ಹಿಂದೆ ದುಡಿದಿದ್ದ ಆ ಮೈದಾನದ ತುಂಬ ನುಣ್ಣನೆ ಬೂದು ಕೆಸರಿನ ಪದರ. ಕೆಲಸದವರು ತೊಳೆದು ಒಣಗಿಸಿದರು, ಪಂದ್ಯ ಒಂದು ವಾರ ಮುಂದಕ್ಕೆ ಹೋಯಿತು. ಆ ವಾರ ಎಂಟೂ ಜನರ ಕೋಲುಗಳಿಗೆ ನಾನೇ ಹೊಸ ಹಿಡಿ ಹಾಕಿದೆ. ಕಿಮುರಾ ಸಾನ್‌ಗೆ ಪಟ್ ಹೊಡೆಯುವ ಕೋಲು, ಹೊಸ ಪಟರ್, ಕೊಡಹೋದರೆ ಬೇಡವೆಂದರು. ತಾವು ಕ್ಯಾಡಿಯಾಗಿದ್ದಾಗ ಯಾರೋ ಬಿಟ್ಟುಹೋದ ಹಿತ್ತಾಳೆಯ ಪಟರ್ ತಂದು, ಹಿಡಿ ಮಾತ್ರ ಬದಲಾಯಿಸಿ ಎಂದರು.

ಪಂದ್ಯದ ಬೆಳಗ್ಗೆ ನೀಲಿ ಆಕಾಶ, ಒಣಗಿದ ಜೊಂಡಿನ ವಾಸನೆ, ನನ್ನ ಬೆರಳಲ್ಲಿ ಇನ್ನೂ ದ್ರಾವಣದ ವಾಸನೆ. ನಮ್ಮಿಬ್ಬರ ಎದುರು ಒಗಾವಾ ಸಾನ್ ಮತ್ತು ಅವರ ಗೆಳೆಯ ಹಲ್ಲಿನ ಡಾಕ್ಟರು. ಈ ಆಟದಲ್ಲಿ ಕಡಿಮೆ ಹೊಡೆತದಲ್ಲಿ ಚೆಂಡನ್ನು ಗುಳಿಗೆ ಹಾಕಿದ ಜೋಡಿಗೆ ಆ ಹೋಲ್, ಹೆಚ್ಚು ಹೋಲ್ ಗೆದ್ದವರಿಗೆ ಪಂದ್ಯ. ಚೆಂಡು ಗುಳಿಗೆ ತೀರ ಹತ್ತಿರ ನಿಂತಿದ್ದರೆ ಎದುರಾಳಿ "ಓಕೆ" ಎನ್ನಬಹುದು. ಆಗ ಅದು ಹೋದ ಹಾಗೇ ಲೆಕ್ಕ, ಎತ್ತಿಕೊಳ್ಳಬಹುದು. ಬೆಳಗ್ಗೆ ಒಂಬತ್ತು ಹೋಲ್‌ನಲ್ಲಿ ಒಗಾವಾ ಸಾನ್ ನಮಗೆ ಧಾರಾಳವಾಗಿ ಓಕೆ ಕೊಟ್ಟರು. ಒಂದು ಹೆಜ್ಜೆ ದೂರಕ್ಕೂ ಓಕೆ, ಎರಡು ಹೆಜ್ಜೆಗೂ ಓಕೆ. ಅವರಿಬ್ಬರು ಮಾತ್ರ ತಮ್ಮ ಪಟ್‌ಗಳನ್ನು ಒಂದೂ ಬಿಡದೆ ಹೊಡೆದು ಮುಗಿಸುತ್ತಿದ್ದರು. ಅರ್ಧ ಆಟಕ್ಕೆ ನಾವು ಸಮ.

ಜಪಾನಿನಲ್ಲಿ ಒಂಬತ್ತು ಹೋಲ್ ಆದ ಮೇಲೆ ಆಟ ನಿಲ್ಲಿಸಿ ಕೂತು ಊಟ ಮಾಡುತ್ತಾರೆ. ಮಾಂಸವಿಲ್ಲದ ಕರ್ರಿ ರೈಸ್‌ಗಾಗಿ ಅಡುಗೆಯವನ ಜೊತೆ ಹೋರಾಡಿ ಬಂದು ಕೂತಾಗ ರಘು ಪಿಸುಗುಟ್ಟಿದರು. "ಸೂಪರ್ ಕಣೇ. ಮುದುಕ ಓಕೆ ಮೇಲೆ ಓಕೆ ಕೊಡ್ತಿದಾನಂತಲ್ಲ. ಹೀಗೇ ಹೋದ್ರೆ ಗೆದ್ವಿ."

ನನಗೆ ಆ ಲೆಕ್ಕ ಒಪ್ಪಿಗೆಯಾಗಲಿಲ್ಲ. ಕೇಳದೆ ಪುಕ್ಕಟೆ ಕೊಟ್ಟ ಸಾಮಾನಿಗೆ ಗ್ಯಾರಂಟಿ ಇರುವುದಿಲ್ಲ, ಅಂಗಡಿ ಇಟ್ಟವಳಿಗೆ ಇದು ಗೊತ್ತಿರಬೇಕು. ಗೆದ್ದರೂ ನಾಳೆ ಟೀ ಕೋಣೆಯಲ್ಲಿ ಏನು ಮಾತಾಡಿಕೊಳ್ಳುತ್ತಾರೆ? ಪಾಪ, ಅತಿಥಿಗಳು, ಬಿಟ್ಟುಕೊಟ್ಟೆವು. ಹಲಗೆ ಗೋಡೆಗೇರಿದರೂ ಅದು ಸಾಂಕೋ ಹಲಗೆಯೇ.

ಒಗಾವಾ ಸಾನ್ ಒಂದು ಕತೆಯನ್ನು ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು. ಅಮೆರಿಕದ ಕಾರ್ಖಾನೆಯ ಜನ ಶನಿವಾರ ಅವರನ್ನು ಆಟಕ್ಕೆ ಕರೆಯುತ್ತಿದ್ದರಂತೆ, ಯಾವ ಪಟ್ ಬಂದರೂ 'ಅದು ನಿನಗೆ ಬಿಟ್ಟೆವು' ಎನ್ನುತ್ತಿದ್ದರಂತೆ. ಒಂದು ದಿನ ಮೇಸ್ತ್ರಿ ಏನೂ ಹೇಳದೆ ಸುಮ್ಮನೆ ನಿಂತನಂತೆ. ಒಗಾವಾ ಸಾನ್ ಹೊಡೆದು ತಪ್ಪಿದರಂತೆ. ಆ ಸಂಜೆ ಮೇಸ್ತ್ರಿ ಅವರನ್ನು ಮೊದಲ ಸಲ ಮನೆಗೆ ಊಟಕ್ಕೆ ಕರೆದನಂತೆ.

ನಾನು ತಟ್ಟೆ ಎತ್ತಿಕೊಂಡು ಅವರ ಮೇಜಿಗೆ ಹೋಗಿ ಕೂತೆ. "ಒಗಾವಾ ಸಾನ್, ಅಮೆರಿಕದಲ್ಲಿ ಆ ಮೇಸ್ತ್ರಿ ಸುಮ್ಮನೆ ನಿಂತದ್ದು ನೀವು ಹೋದ ಎಷ್ಟನೇ ವರ್ಷ?"

"ಮೂರನೇ ವರ್ಷ," ಎಂದರು, ಕತೆ ಹೇಳುವ ಖುಷಿಯಲ್ಲೇ.

"ನಮಗಿದು ನಾಲ್ಕನೇ ವರ್ಷ."

ಅವರು ಚಮಚ ಕೆಳಗಿಟ್ಟರು. ನಾನು, "ಮಧ್ಯಾಹ್ನ ನಮಗೆ ಓಕೆ ಬೇಡ," ಎಂದೆ. ಅವರು ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡು, ಕಿಟಕಿಯಾಚೆ ನೋಡುತ್ತ, "ಮುಜುಕಶೀ ದೆಸು ನೆ" ಎಂದರು.

ರಘು ತಲೆ ಚಚ್ಚಿಕೊಂಡರು. "ಕೊಡ್ತೀನಿ ಅನ್ನೋದನ್ನ ಬೇಡ ಅಂತ ಚೌಕಾಸಿ ಮಾಡೋಳು ಪ್ರಪಂಚದಲ್ಲಿ ನೀನೊಬ್ಳೇ ಕಣೇ!"

ಮಧ್ಯಾಹ್ನವೂ ಓಕೆ ನಿಲ್ಲಲಿಲ್ಲ. ಹತ್ತನೇ ಹೋಲ್‌ನಲ್ಲಿ ಓಕೆ, ಹದಿಮೂರರಲ್ಲಿ ಓಕೆ, ಹದಿನೇಳರಲ್ಲೂ ಓಕೆ, ಧ್ವನಿ ಮಾತ್ರ ಪ್ರತಿ ಸಲವೂ ಸಣ್ಣದಾಗುತ್ತಿತ್ತು. ಹದಿನೆಂಟನೇ ಹೋಲ್‌ಗೆ ಬಂದಾಗ ನಾವು ಇನ್ನೂ ಸಮ. ಅಲ್ಲಿ ಉಳಿದವರೆಲ್ಲ ಆಟ ಮುಗಿಸಿ ಕಾಯುತ್ತಿದ್ದರು. ರಘು-ಶ್ರೀಧರ ಗೆದ್ದಿದ್ದರು, ನಮ್ಮ ಇನ್ನೊಂದು ಜೋಡಿ ಸೋತಿತ್ತು, ಮತ್ತೊಂದು ಸಮ. ಹಾಗಾಗಿ ಎಲ್ಲವೂ ಈ ಒಂದು ಹೋಲ್ ಮೇಲೆ. ನಾವು ಗೆದ್ದರೆ ಹಲಗೆ. ಸಮವಾದರೂ ಇಲ್ಲ, ಆ ಮಾತು ಕೊಟ್ಟವಳು ನಾನೇ.

ಕಿಮುರಾ ಸಾನ್ ನೆಟ್ಟಗೆ ಹೊಡೆದರು. ನಾನು ಅದನ್ನು ಬಲಕ್ಕೆ ಜೊಂಡಿಗೆ ಕಳಿಸಿದೆ. ನಾಲಿಗೆ ಕಚ್ಚಿಕೊಂಡು ತಿರುಗಿ ನೋಡಿದರೆ ಅವರು ಅಲ್ಲಿರಲಿಲ್ಲ. ಆಗಲೇ ಜೊಂಡಿನ ಕಡೆ ನಡೆಯುತ್ತಿದ್ದರು, ಟೋಪಿ ಸರಿಮಾಡಿಕೊಳ್ಳುತ್ತ. ಮೂರನೇ ಹೊಡೆತಕ್ಕೆ ಚೆಂಡು ಜೊಂಡಿನಿಂದ ಹಾರಿ, ಗುಳಿಯ ಸುತ್ತಲಿನ ಸಮತಟ್ಟು ಜಾಗ, ಗ್ರೀನ್‌ನ ಅಂಚಿಗೆ ಬಂದು ಕೂತಿತು. ಅತ್ತ ಅಮೆರಿಕವೂ ಒದ್ದಾಡಿ, ಐದು ಹೊಡೆತಕ್ಕೆ ಗುಳಿಯ ಬಾಯಿಗೆ ಬಂದಿತ್ತು. ಅವರ ಆರನೆಯದಕ್ಕೆ ನಾನೇ ಓಕೆ ಎಂದೆ. ಈಗ ನಾವು ಐದರಲ್ಲಿ ಮುಗಿಸಬೇಕು.

"ಕೆಸರು ಒಣಗಿದೆ, ಚೆಂಡು ಓಡಲ್ಲ," ಕಿಮುರಾ ಸಾನ್ ಕಿವಿಯಲ್ಲಿ ಹೇಳಿದರು. "ಗುಳಿಯ ಆಚೆಗೆ ಎರಡು ಹೆಜ್ಜೆ ದೂರಕ್ಕೆ ಹೊಡೆಯಿರಿ."

ಹೇಳಿದ್ದು ಕೇಳಿಸಿತು. ಕೈಗೆ ಧೈರ್ಯ ಸಾಲಲಿಲ್ಲ. ಚೆಂಡು ಆ ಬೂದು ನೆಲದಲ್ಲಿ ಉಸಿರು ಕಟ್ಟಿ, ಗುಳಿಗೆ ಒಂದು ಪಟರ್ ಉದ್ದ ಇರುವಾಗ ನಿಂತುಬಿಟ್ಟಿತು.

ಬೆಳಗ್ಗೆಯಿಂದ ಇದಕ್ಕಿಂತ ಎರಡರಷ್ಟು ದೂರಕ್ಕೂ ಒಗಾವಾ ಸಾನ್ ಓಕೆ ಕೊಟ್ಟಿದ್ದರು. ಈಗ ಎಲ್ಲರೂ ಅವರ ಮುಖ ನೋಡಿದೆವು. ಕಿಮುರಾ ಸಾನ್ ಕೂಡ ನೋಡಿದರು.

ಒಗಾವಾ ಸಾನ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು. ಏನೂ ಹೇಳಲಿಲ್ಲ.

ನಾನು ಕೇಳಿದ್ದನ್ನು ಅವರು ಕೊಟ್ಟಿದ್ದರು. ಆದರೆ ಹೊಡೆಯಬೇಕಾದದ್ದು ನಾನಲ್ಲ. ನನ್ನ ಚೌಕಾಸಿಯ ಭಾರವೆಲ್ಲ ಎಪ್ಪತ್ನಾಲ್ಕು ವರ್ಷದ ಮುದುಕಿಯ ಕೈ ಮೇಲೆ, ಅದೂ ನಾನು ಹೆದರಿ ಅರ್ಧಕ್ಕೆ ಬಿಟ್ಟ ಚೆಂಡಿನ ಮುಂದೆ. ಹಿತ್ತಾಳೆ ಪಟರ್ ಹಿಡಿದು ಅವರು ನನ್ನನ್ನು ದಾಟಿ ಹೋಗುವಾಗ ನನಗೇ ಗೊತ್ತಿಲ್ಲದೆ ಬಾಯಿಂದ ಬಂತು.

"ಸುಮಿಮಾಸೆನ್."

ಕಿಮುರಾ ಸಾನ್ ನಿಂತರು. ನನ್ನನ್ನೊಮ್ಮೆ ನೋಡಿದರು, ಗ್ರೀನ್ ಆಚೆ ನಿಲ್ಲಿಸಿದ್ದ ನಮ್ಮ ಕೈಗಾಡಿಗಳನ್ನೊಮ್ಮೆ ನೋಡಿದರು. ಅವರ ಕೆನ್ನೆಯ ಸುಕ್ಕು ಅಲುಗಿತು. ಆಮೇಲೆ ಹೋಗಿ, ಕುಕ್ಕರಗಾಲಲ್ಲಿ ಕೂತು ನೆಲದ ಇಳಿಜಾರು ಕೂಡ ನೋಡದೆ, ಎರಡನೇ ಉಸಿರು ಕೂಡ ತೆಗೆದುಕೊಳ್ಳದೆ, ಹೊಡೆದರು. ಜೋರಾಗಿಯೇ. ಚೆಂಡು ಗುಳಿಯ ಹಿಂದಿನ ಗೋಡೆಗೆ ಬಡಿದು ಒಳಗೆ ಬಿದ್ದ ಸದ್ದು ನನಗೆ ಇವತ್ತಿಗೂ ಕೇಳುತ್ತದೆ.

ಮುಂದಿನ ಭಾನುವಾರ ಎಂಟು ಹಲಗೆಗಳು ಗೋಡೆಗೇರಿದವು. ಕಿಮುರಾ ಸಾನ್ ತಮ್ಮದನ್ನು ಚೆಂಡು ಒರೆಸುವ ಬಟ್ಟೆಯಲ್ಲಿ ಒರೆಸಿ ತಾವೇ ಸಿಕ್ಕಿಸಿದರು. ಎರಡು ವರ್ಷದ ಮೇಲೆ ಅಮೆರಿಕದ ನೆಲದಲ್ಲೇ ಮತ್ತೆ ಕಪ್ ನಡೆದಾಗ, ಕೊನೆಯ ದಿನದ ಒಬ್ಬಂಟಿ ಆಟದಲ್ಲಿ ಅಮೆರಿಕದವರು ಮೈಮೇಲೆ ಬಂದವರಂತೆ ಆಡಿದರು. ಆದರೂ ಮೊದಲೆರಡು ದಿನ ಯುರೋಪಿನ ಜೋಡಿಗಳು ಕಟ್ಟಿದ್ದ ಗಂಟನ್ನು ಬಿಚ್ಚಲಾಗದೆ, ಹಿಂದಿನ ಸಲದಂತೆ ಕಪ್ ಯುರೋಪಿಗೇ ಹೋಯಿತು. ಒಬ್ಬೊಬ್ಬರನ್ನೇ ತೂಗಿದರೆ ಅಮೆರಿಕ, ಕಟ್ಟು ಕಟ್ಟಿ ತೂಗಿದರೆ ಯುರೋಪ್. ಹೋದ ವಾರದ ಗಿರಾಕಿಗೂ ನಾನು ಇದನ್ನೇ ಹೇಳಿದೆ. ಅವರು ಅವತ್ತು ಏನೂ ಕೊಳ್ಳದೆ ಹೋಗಿ, ಶನಿವಾರ ಆಫೀಸಿನ ಗೆಳೆಯರೊಬ್ಬರನ್ನು ಕರೆತಂದು ಎರಡು ಸೆಟ್ ಕೊಂಡರು.

ಆದರೆ ದ್ರಾವಣದ ವಾಸನೆ ಮೂಗಿಗೆ ಬಡಿದಾಗ ಮೊದಲು ಕಣ್ಣಿಗೆ ಕಟ್ಟುವುದು ಹಲಗೆಯಲ್ಲ. ನದಿ ಬಯಲಿನಿಂದ ಕ್ಲಬ್ ಮನೆಗೆ ಹತ್ತುವ ಆ ಉದ್ದನೆಯ ಏರಿ. ಸಂಜೆ ಬಿಸಿಲು. ಮುಂದೆ ಕಿಮುರಾ ಸಾನ್, ನಲವತ್ತು ವರ್ಷ ಗಾಡಿ ಎಳೆದ ಅದೇ ಏರಿಯಲ್ಲಿ ಎರಡೂ ಕೈ ಬೀಸಿಕೊಂಡು ಹೋಗುತ್ತಿದ್ದಾರೆ. ಹಿಂದೆ ನಾನು, ಎಡಗೈಯಲ್ಲಿ ಒಂದು ಗಾಡಿ, ಬಲಗೈಯಲ್ಲಿ ಒಂದು, ಮೈಯೆಲ್ಲ ಬೆವರು. ನನ್ನ ತಾಯಿ ತಲೆ ಮೇಲೆ ಪಾತ್ರೆ ಬುಟ್ಟಿ ಹೊತ್ತು ಬೀದಿಗೆ ಇಳಿಯುತ್ತಿದ್ದಾಗ ಕತ್ತು ಹೇಗೆ ನೆಟ್ಟಗಿರುತ್ತಿತ್ತೋ ಹಾಗೆ ನಡೆಯುತ್ತಿದ್ದೆ. ಒಗಾವಾ ಸಾನ್ ಓಡಿಬಂದು ಪಕ್ಕದಲ್ಲಿ ಹೆಜ್ಜೆ ಹಾಕುತ್ತ, "ಗಿರಿಜಾ ಸಾನ್, ಒಂದನ್ನು ನನಗೆ ಕೊಡಿ," ಎಂದು ಕೈ ಚಾಚಿದರು.

ನಾನು ನಿಲ್ಲಲಿಲ್ಲ. ಹಲ್ಲಿನ ಸಂದಿಯಿಂದ ಉದ್ದಕ್ಕೆ ಗಾಳಿ ಎಳೆದುಕೊಂಡೆ.

"ಮುಜುಕಶೀ ದೆಸು ನೆ, ಒಗಾವಾ ಸಾನ್."